ಮೂಲಪತ್ರವಿಲ್ಲದ ಸ್ಯಾಕ್ಸೊಫೋನು

ನನ್ನ ಅಣ್ಣನಷ್ಟು ಜಾಗರೂಕ ಮನುಷ್ಯ ಇನ್ನೊಬ್ಬನಿಲ್ಲ ಎಂದು ಅವನ ಬ್ಯಾಂಕಿನವರು ಹೇಳುತ್ತಾರೆ. ಹೇಳಲಿ ಬಿಡಿ, ಅವರೇನು ಅವನ ಜೊತೆ ಸ್ಯಾಕ್ಸೊಫೋನ್ ಕೊಳ್ಳಲು ಹೋದವರೇ? ನಾನು ಹೋದವಳು. ಒಂದು ವರ್ಷ ಪೂರ್ತಿ ಹೋದವಳು! ಊದುವ ವಾದ್ಯಕ್ಕೆ ಮೂಲಪತ್ರ, ಹಿಂದಿನ ಮಾಲೀಕರ ಪಟ್ಟಿ, ವಾರಸುದಾರರ ಒಪ್ಪಿಗೆ ಇಷ್ಟನ್ನೂ ಕೇಳಿದ ಪ್ರಾಣಿ ಈ ಭೂಮಿಯ ಮೇಲೆ ಇವನೊಬ್ಬನೇ ಇರಬೇಕು.

ಅಣ್ಣ ಮನೆಸಾಲದ ಕಾಗದಪತ್ರ ಪರಿಶೀಲಿಸುತ್ತಲೇ ತಲೆ ನೆರೆಸಿಕೊಂಡವನು. ಕೊನೆಯ ವರ್ಗಾವಣೆ ವಿಜಯವಾಡಕ್ಕಾಯಿತು. ಅತ್ತಿಗೆಗೆ ಅಲ್ಲಿಯ ಆವಕಾಯಿ ಉಪ್ಪಿನಕಾಯಿ ಹಿಡಿಸಿದ್ದರಿಂದ ನಿವೃತ್ತಿಯಾದ ಮೇಲೂ ಅಲ್ಲೇ ಉಳಿದ. ನಾನಿರುವುದು ವಿಶಾಖಪಟ್ಟಣದಲ್ಲಿ, ನಮ್ಮವರಿಗೆ ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಅಣ್ಣತಂಗಿಯರ ನಡುವೆ ಆರೇಳು ಗಂಟೆಯ ರೈಲು ಪ್ರಯಾಣ. ಅಷ್ಟು ದೂರವಿದ್ದದ್ದರಿಂದಲೇ ನಮ್ಮ ಸಂಬಂಧ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ವರ್ಷ ಇದ್ದಕ್ಕಿದ್ದಂತೆ ಫೋನ್ ಮಾಡಿ, "ಹಳೇ ಬ್ಯಾರಿಟೋನ್ ಸ್ಯಾಕ್ಸೊಫೋನ್ ಒಂದು ತಗೋಬೇಕು ಕಣೇ, ನೀನೂ ಜೊತೆಗೆ ಬಾ," ಎಂದ. ಸ್ಯಾಕ್ಸೊಫೋನುಗಳಲ್ಲಿ ಬ್ಯಾರಿಟೋನ್ ಎಂದರೆ ದೊಡ್ಡಣ್ಣ. ನಿಲ್ಲಿಸಿದರೆ ನನ್ನ ಎದೆಯವರೆಗೆ ಬರುತ್ತದೆ, ಎತ್ತಿದರೆ ಸೊಂಟ ಹಿಡಿಯುತ್ತದೆ, ಊದಿದರೆ ನೆಗಡಿಯಾದ ಎಮ್ಮೆ ಕೂಗಿದ ಹಾಗೆ ಕೇಳುತ್ತದೆ.

"ಊದ್ಲೇಬೇಕು ಅಂತಿದ್ರೆ ಚಿಕ್ಕದು ತಗೊಳ್ಳೋ," ಎಂದೆ.

"ಚಿಕ್ಕದು ಬೇಡ," ಎಂದನೇ ಹೊರತು ಕಾರಣ ಹೇಳಲಿಲ್ಲ. ಆ ಹೊತ್ತಿಗಾಗಲೇ ಮದುವೆ ಬ್ಯಾಂಡಿನವರೊಬ್ಬರ ಹತ್ತಿರ ಆರು ತಿಂಗಳು ಪಾಠವೂ ಆಗಿತ್ತಂತೆ. ಕಲಿತದ್ದು ಒಂದೇ ಒಂದು ಸ್ವರ! ಮಿಕ್ಕ ಆರಕ್ಕೆ ಇನ್ನೊಂದು ಜನ್ಮ ಬೇಕಾದೀತು.

ನಾನು ಹೀಗೆ ಕಹಿಯಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ, ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ನಾನು ಚೆನ್ನಾಗಿ ಹಾಡುತ್ತಿದ್ದೆ. ತಂಬೂರಿ ಕೊಳ್ಳುವ ಶಕ್ತಿ ಮನೆಯವರಿಗಿರಲಿಲ್ಲ. ಒಂದು ಪುಟ್ಟ ಶ್ರುತಿಪೆಟ್ಟಿಗೆ ಇತ್ತು. ಅದನ್ನು ಒತ್ತುತ್ತ ಕೂರುವ ಕೆಲಸ ಅಣ್ಣನದು. ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ದೊಡ್ಡ ಸ್ಪರ್ಧೆಯೊಂದಕ್ಕೆ ಆಯ್ಕೆಯಾದೆ. ಅಣ್ಣನೇ ಕರೆದುಕೊಂಡು ಹೋದ. ಬ್ಯಾಂಕ್ ಪರೀಕ್ಷೆಯ ಪುಸ್ತಕ ಓದಿಕೊಂಡು ಬಂದ ಮಹಾನುಭಾವ ಇಳಿಯುವಾಗ ಪುಸ್ತಕ ತೆಗೆದುಕೊಂಡ, ಶ್ರುತಿಪೆಟ್ಟಿಗೆಯನ್ನು ಬಸ್ಸಿನಲ್ಲೇ ಬಿಟ್ಟ! ಶ್ರುತಿಯಿಲ್ಲದೆ ಹಾಡಿದೆ. ಎರಡನೆಯ ಕೀರ್ತನೆಯಲ್ಲಿ ದನಿ ಎಲ್ಲಿಗೋ ಜಾರಿತು. ತೀರ್ಪುಗಾರರೊಬ್ಬರು ಪಕ್ಕದವರಿಗೆ ಏನೋ ಹೇಳಿ ನಕ್ಕರು. ಅಣ್ಣನಿಗೆ ಬ್ಯಾಂಕ್ ಕೆಲಸ ಸಿಕ್ಕಿತು. ನಾನು ಮತ್ತೆಂದೂ ವೇದಿಕೆ ಹತ್ತಲಿಲ್ಲ. ತಪ್ಪಾಯಿತು ಎಂಬ ಒಂದು ಮಾತು ಇವತ್ತಿನವರೆಗೂ ಅವನ ಬಾಯಿಂದ ಬಂದಿಲ್ಲ.

ಆಮೇಲೆ ಮನೆಯಲ್ಲಿ ದೇವರ ಮುಂದೆ ಹಾಡಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಥೈರಾಯ್ಡ್ ಆಪರೇಷನ್ ಆಗಿ ಅದೂ ನಿಂತಿತು. ದನಿ ಕುಸಿದು ಹೋಯಿತು. ಹಾರ್ಮೋನಿಯಂನ ಬಿಳಿ ಮನೆಗೆ ಸೇರದು, ಕಪ್ಪು ಮನೆಗೂ ಸೇರದು, ಎರಡರ ಸಂದಿಯಲ್ಲೆಲ್ಲೋ ಕೂತುಬಿಟ್ಟಿದೆ. ಮೊಬೈಲಿನ ತಂಬೂರಿಯನ್ನು ಆ ಸಂದಿಗೂ ಕೂಡಿಸಬಹುದು, ನಿಜ. ಆದರೆ ಅರ್ಧ ಸಾಲಿಗೇ ನನ್ನ ಉಸಿರು ಕಟ್ಟಿದರೂ ಅದು ಮಾತ್ರ ನಿಲ್ಲದೆ ಮೊರೆಯುತ್ತಿರುತ್ತದೆ. ಯಾರಿಗೆ ಬೇಕು ಆ ಅವಮಾನ? ಅಳಿಸಿ ಹಾಕಿದೆ.

ಇಂಥವಳನ್ನು ಸ್ಯಾಕ್ಸೊಫೋನ್ ಪರೀಕ್ಷೆಗೆ ಕರೆದನಲ್ಲ, ಇವನಿಗೆ ಏನೆನ್ನಬೇಕು!

ಮೊದಲು ಹೋದದ್ದು ಭೀಮುನಿಪಟ್ಟಣದ ಒಂದು ಹಳೆಯ ಮನೆಗೆ. ಮನೆಯ ಯಜಮಾನರು ಅಟ್ಟದಿಂದ ವಾದ್ಯ ಇಳಿಸಿ, ಒರೆಸಿ, ಕಾಫಿ ಕೊಟ್ಟರು. ಅಣ್ಣ ಕನ್ನಡಕ ಏರಿಸಿ ಅದರ ನಂಬರ್ ಬರೆದುಕೊಂಡ. ನಿಮಗೆ ಇದು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು, ತಮ್ಮಂದಿರ ತಕರಾರು ಏನಾದರೂ ಇದೆಯೇ ಎಂದು ವಿಚಾರಣೆ ಶುರುಮಾಡಿದ. ಪಾಪ, ಅವರು ಐದು ನಿಮಿಷ ತಡೆದರು.

"ಇದಿ ಬೂರ ಅಂಡೀ, ಭೂಮಿ ಕಾದು!" ಎಂದರು ಕೊನೆಗೆ. ಇದು ಊದೋ ತುತ್ತೂರಿ, ಸೈಟಲ್ಲ ಎಂದು.

ಅಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ತನಗೆ ಬರುವ ಒಂದು ಸ್ವರ ಊದಿ, ನನ್ನ ಕಡೆ ತಿರುಗಿ, "ಎಲ್ಲಿ, ಒಂದು 'ಸಾ' ಹೇಳು," ಎಂದ. ಬೇಗ ಮನೆಗೆ ಹೋದರೆ ಸಾಕೆಂದು ಒದರಿದೆ. ನನಗೇ ನನ್ನ ದನಿ ಅಸಹ್ಯವಾಯಿತು. ಅಣ್ಣ ತಲೆಯಾಡಿಸಿ, "ಕಾಗದಪತ್ರ ಸರಿಯಿಲ್ಲ ಕಣೇ," ಎಂದು ಎದ್ದ.

ವರ್ಷವಿಡೀ ಇದೇ ಪಾಡು. ಒಂದನ್ನು ಕತ್ತಲೆ ಕೋಣೆಯಲ್ಲಿಟ್ಟು, ಒಳಗೆ ಬಲ್ಬು ಇಳಿಬಿಟ್ಟು, ಎಲ್ಲೆಲ್ಲಿ ಬೆಳಕು ಸೋರುತ್ತದೆಂದು ನೋಡಿದ. ಇನ್ನೊಂದನ್ನು ಬಾಳೆಹಣ್ಣಿನವನ ತಕ್ಕಡಿಯಲ್ಲಿ ತೂಗಿಸಿದ. ಹಣ್ಣಿನವನು ಇದನ್ನು ಸುಲಿದು ತಿನ್ನುತ್ತೀರೋ ಹೇಗೆ ಎಂದು ಕೇಳಿದ. ಎಲ್ಲ ಕಡೆಯೂ ಕೊನೆಗೆ ನನ್ನಿಂದ ಒಂದು 'ಸಾ', ಅವನಿಂದ "ಕಾಗದಪತ್ರ ಸರಿಯಿಲ್ಲ". ಅಷ್ಟು ಜನರ ಮುಂದೆ ನನ್ನ ಒಡಕು ದನಿಯನ್ನು ಹರಾಜು ಹಾಕಿದ್ದಕ್ಕೆ ಇವನನ್ನು ಕ್ಷಮಿಸಲೇಬಾರದು ಎಂದು ತೀರ್ಮಾನಿಸಿದ್ದೆ.

ಹೋದ ತಿಂಗಳು ವಿಜಯವಾಡದ ಗಲ್ಲಿಯೊಂದರಲ್ಲಿ, ಬ್ಯಾಂಡ್ ವಾದ್ಯ ರಿಪೇರಿ ಮಾಡುವ ಮುದುಕರ ಅಂಗಡಿ. ಸುಡುಬಿಸಿಲು. ಉಟ್ಟಿದ್ದ ಹೊಸ ಮಂಗಳಗಿರಿ ಸೀರೆ ಬೆವರಿನಲ್ಲಿ ಮುದ್ದೆಯಾಗಿತ್ತು. ಮೂಲೆಯಲ್ಲೊಂದು ಬ್ಯಾರಿಟೋನ್ ಬಿದ್ದಿತ್ತು, ಮೈತುಂಬ ತಗ್ಗು. ಮುದುಕರು ಪ್ರಾಮಾಣಿಕರು. "ಅದಿ ದೇನಿತೋನೂ ಕಲವದು ಸಾರ್," ಎಂದರು. ಬಹಳ ಹಳೆಯ ಕಾಲದ ಶ್ರುತಿಯದು, ಯಾವುದರ ಜೊತೆಗೂ ಕೂಡುವುದಿಲ್ಲ, ಮೂರು ಬ್ಯಾಂಡಿನವರು ಒಯ್ದು ವಾಪಸ್ಸು ತಂದಿಟ್ಟಿದ್ದಾರೆ.

ಅಣ್ಣ ಊದಿದ. ನನ್ನ ಕಡೆ ನೋಡಿದ. ನಾನು ಹಲ್ಲು ಕಚ್ಚಿಕೊಂಡು 'ಸಾ' ಎಂದೆ.

ಮುದುಕರು ಕೈಲಿದ್ದ ಕೆಲಸ ಬಿಟ್ಟು ತಲೆಯೆತ್ತಿದರು. "ಅಮ್ಮಾ, ಮಳ್ಳೀ ಒಕ್ಕಸಾರಿ ಅನಂಡಿ," ಎಂದರು. ಇನ್ನೊಂದು ಸಲ ಹೇಳಬೇಕಂತೆ! ಇವರಿಗೂ ನಾನೇ ತಮಾಷೆಯಾದೆನಲ್ಲ ಎಂದು ಹೊರಗೆ ಹೋಗಿ ನಿಂತೆ.

"ಇದೇ ಇರ್ಲಿ," ಎಂದ ಅಣ್ಣನ ದನಿ ಕೇಳಿಸಿತು.

"ಮೂಲಪತ್ರ?" ಎಂದೆ ಅಲ್ಲಿಂದಲೇ.

"ಬೇಡ."

ವರ್ಷವಿಡೀ ನನ್ನನ್ನು ಅಲೆಸಿ, ಯಾರಿಗೂ ಬೇಡವಾದ ಗುಜರಿಯನ್ನು ಒಂದು ಚೀಟಿಯೂ ಇಲ್ಲದೆ ಕೊಂಡ! ಅಷ್ಟೇ ಅಲ್ಲ, ಅದನ್ನು ಎತ್ತಿಕೊಂಡು ನನ್ನ ಜೊತೆ ವಿಶಾಖಪಟ್ಟಣದ ರೈಲನ್ನೂ ಹತ್ತಿದ. ಎದುರು ಸೀಟಿನವರು ಗೀಸರಾ ಎಂದು ಕೇಳಿದರು. ನಾನು ಬಾಯಿಬಿಟ್ಟು ಬೈದೆ, ಮೈಸೂರಿನ ಬಸ್ಸನ್ನೂ ಸೇರಿಸಿ ಎಲ್ಲವನ್ನೂ ಹೇಳಿ ಬೈದೆ. ಅವನು ದಾರಿಯುದ್ದಕ್ಕೂ ಆ ಹೊರೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮೇಲಿಡೋ ಎಂದರೆ ಇನ್ನಷ್ಟು ತಬ್ಬಿಕೊಂಡ.

ಮನೆಗೆ ಬಂದವನು ಕಾಫಿ ಕೂಡ ಕುಡಿಯದೆ ಊಟದ ಕುರ್ಚಿ ಎಳೆದು ಕೂತು ಊದಲು ಶುರುಮಾಡಿದ. ಪಕ್ಕದ ಮನೆಯವರು ಬರುತ್ತಾರೆ, ನಿಲ್ಲಿಸು ಎನ್ನಲು ಅಡುಗೆಮನೆಯಿಂದ ಓಡಿ ಬಂದೆ. ಬಾಯಿ ತೆರೆದದ್ದು ಬೈಯುವುದಕ್ಕೇ. ಆದರೆ ಆ ಸ್ವರ ಬಿಳಿ ಮನೆಗೂ ಕಪ್ಪು ಮನೆಗೂ ನಡುವಿನ ಸಂದಿಯಲ್ಲಿ, ನನ್ನ ಕುಸಿದ ದನಿ ಕೂತಿದ್ದ ಜಾಗದಲ್ಲೇ ನಿಂತಿತ್ತು. ನನಗೆ ಗೊತ್ತಿಲ್ಲದೆ 'ಸಾ' ಎಂದೆ. ಒಂದು ಸಾಲು ಹಾಡಿದೆ. ಅರ್ಧಕ್ಕೆ ಉಸಿರು ಕಟ್ಟಿತು. ಅರವತ್ತು ದಾಟಿದವನು, ಅವನ ಉಸಿರೂ ಅಲ್ಲಿಗೇ ಮುಗಿಯಿತು. ಇಬ್ಬರೂ ಏದುಸಿರು ಬಿಡುತ್ತ ಒಬ್ಬರನ್ನೊಬ್ಬರು ನೋಡಿದೆವು.

"ಚಿಕ್ಕದು ಯಾಕೆ ಬೇಡ ಅಂದೆ?" ಎಂದೆ, ಕೇಳಲು ಬೇರೇನೂ ತೋಚದೆ.

ಅಣ್ಣ ಆ ತಗ್ಗು ಬಿದ್ದ ಹಿತ್ತಾಳೆಯನ್ನು ಸವರುತ್ತ ನೆಲ ನೋಡಿದ.

"ಇಷ್ಟು ದೊಡ್ಡದಿದ್ರೆ ಬಸ್ಸಲ್ಲಿ ಮರೆತು ಇಳಿಯೋಕಾಗಲ್ಲ ಕಣೇ."

ಅಳು ಬಂತು. ಬರದೆ ಏನು ಮಾಡೀತು?

"ಸಾಕು, ಬಾಯಿ ಮುಚ್ಕೊಂಡು ಊದು," ಎಂದೆ.