ದೋ ನಂಬರ್ ಗಿಟಾರ್

ನನಗೆ ಮೋಸ ಮಾಡುವ ಅಂಗಡಿಯವನು ಇನ್ನೂ ತಾಯಿಯ ಹೊಟ್ಟೆಯಿಂದ ಹುಟ್ಟಿ ಬಂದಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಸುರಪುರದ ಸಂತೆಯಲ್ಲಿ ನಾನು ಬದನೆಕಾಯಿ ಕೊಳ್ಳುವುದನ್ನು ನೋಡಲು ಜನ ನಿಲ್ಲುತ್ತಾರೆ. ಒಂದೊಂದು ಕಾಯಿಯನ್ನೂ ತಿರುಗಿಸಿ, ಒತ್ತಿ, ಬೆಳಕಿಗೆ ಹಿಡಿದು, ತೊಟ್ಟಿನ ಸಂದಿಯಲ್ಲಿ ಹುಳ ಅಡಗಿದೆಯೇ ಎಂದು ಸವಿಸ್ತಾರ ವಿಚಾರಣೆ ನಡೆಸಿದ ನಂತರವೇ ಅದಕ್ಕೆ ನನ್ನ ಚೀಲದೊಳಗೆ ಪ್ರವೇಶ. "ಅಕ್ಕೋರ, ಅದು ಬದನಿಕಾಯಿ ಅದರಿ, ಅಳಿಯ ಅಲ್ಲ" ಎಂದು ಕಾಯಿಪಲ್ಲೆಯವಳು ಒಮ್ಮೆ ಕೈಮುಗಿದಿದ್ದಳು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹುಡುಗರ ಉತ್ತರ ತಪ್ಪಿದ್ದರೆ ತಿದ್ದುತ್ತೇನೆ, ಸರಿಯಿದ್ದರೆ ಎಲ್ಲಿಂದ ನಕಲು ಹೊಡೆದೆ ಎಂದು ಕೇಳುತ್ತೇನೆ. ಇದನ್ನು ನಾನು ಜಾಗರೂಕತೆ ಎನ್ನುತ್ತೇನೆ. ನಮ್ಮನೆಯವರು ಮಲ್ಲಣ್ಣ ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಂಥ ನನಗೆ ಗಿಟಾರಿನ ಹುಚ್ಚು ಹಿಡಿಯಿತು. ಹಿಡಿಸಿದವರು ನಮ್ಮ ಅತ್ತೆ ನೀಲಮ್ಮ.

ಅತ್ತೆ ನಮ್ಮ ಓಣಿಯ ಸೋಮವಾರದ ಭಜನೆಯ ಮುಖ್ಯ ಗಾಯಕಿ. ಅವರ ಶ್ರುತಿ 'ಕರಿ ಎರಡು'. ಹಾಡುವ ಮಂದಿಗೆಲ್ಲ ಇದು ಗೊತ್ತು: ಹಾರ್ಮೋನಿಯಮ್ಮಿನ ಎರಡನೇ ಕಪ್ಪು ಮನೆಯಿಂದ ಸಾ ಹಿಡಿದರೆ ಅದು ಕರಿ ಎರಡು. ಅದಕ್ಕಿಂತ ಕೆಳಗೆ ಹಿಡಿದರೆ ಅತ್ತೆ ಗೊಣಗುತ್ತಾರೆ, ಮೇಲೆ ಹಿಡಿದರೆ ಬೈಯುತ್ತಾರೆ. ಹಾರ್ಮೋನಿಯಂ ಬಾರಿಸುತ್ತಿದ್ದ ಹಿರಿಯರು ವಾದ್ಯ ಸಮೇತ ಮಗಳ ಊರು ಕೆಂಭಾವಿಗೆ ಹೋಗಿ ನೆಲೆಸಿದ ಮೇಲೆ ಅತ್ತೆಯ ಪಕ್ಕದ ಜಾಗ ಖಾಲಿ ಬಿದ್ದಿತ್ತು. ಅಲ್ಲಿ ನಾನು ಕೂರಬೇಕು ಎಂಬುದು ನನ್ನ ಆಸೆ. ಏಕೆಂದರೆ ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ನನ್ನ ಯಾವ ಕೆಲಸಕ್ಕೂ 'ಛಲೋ ಆತು' ಎಂದವರಲ್ಲ. ಹೋಳಿಗೆ ತಿಂದು 'ನಡೀತದ' ಎನ್ನುತ್ತಾರೆ. ನಾನು ಮಗನನ್ನು ಹೆತ್ತು ಕೈಗಿಟ್ಟಾಗಲೂ ಮುಖ ನೋಡಿ 'ನಡೀತದ' ಎಂದರು! ಆ ಒಂದು 'ಛಲೋ ಆತು' ಅವರ ಬಾಯಿಂದ ಬರಲೇಬೇಕು. ನನಗೆ ಬೇಕಾದದ್ದು ಅಷ್ಟೇ.

ಶಾಲೆಯ ಸಹೋದ್ಯೋಗಿಯೊಬ್ಬರ ಗಿಟಾರ್ ಎರವಲು ತಂದು, ಮೊಬೈಲ್ ನೋಡಿ ಕಲಿಯತೊಡಗಿದೆ. ಅದು ದೊಡ್ಡ ಗಿಟಾರು, ನಾನು ಗಿಡ್ಡ ಹೆಂಗಸು. ಮಡಿಲಲ್ಲಿ ಇಟ್ಟುಕೊಂಡರೆ ನನ್ನ ಗದ್ದ ಅದರ ಭುಜಕ್ಕೆ ತಾಗುತ್ತಿತ್ತು, ಬಲಗೈ ತಂತಿಯವರೆಗೆ ಹೋಗುವುದರೊಳಗೆ ಜೋಮು ಹಿಡಿಯುತ್ತಿತ್ತು.

"ಸುನಂದಾ, ನೀ ಅದನ್ನ ಬಾರಿಸ್ಲಾಕತ್ತೀಯೋ, ಅದು ನಿನ್ನ ಬಾರಿಸ್ಲಾಕತ್ತದೋ?" ಎಂದು ನಮ್ಮನೆಯವರು ಕೇಳಿದರು.

ಆಗ, ಅಳತೆ ಕೊಟ್ಟರೆ ಸಣ್ಣ ಮೈಯ ಗಿಟಾರನ್ನು ಕೈಯಿಂದಲೇ ಮಾಡಿ ಕಳಿಸುವ ಕುಶಲಕರ್ಮಿಯೊಬ್ಬರು ಮೈಸೂರಿನ ಕಡೆ ಇದ್ದಾರೆಂದು ಗೊತ್ತಾಯಿತು. ಫೋನ್ ಮಾಡಿದೆ.

"ನಮಸ್ಕಾರ ಮೇಡಂ, ಚೆನ್ನಾಗಿದ್ದೀರಾ? ಊಟ ಆಯ್ತಾ?"

ನನಗೆ ಅಲ್ಲೇ ಅನುಮಾನ ಬಂತು. ಗುರುತಿಲ್ಲದ ಮನುಷ್ಯ ನನ್ನ ಊಟದ ಚಿಂತೆ ಯಾಕೆ ಮಾಡುತ್ತಾನೆ? ನಮ್ಮ ಕಡೆ ಅಂಗಡಿಯವ "ಏನ್ ಬೇಕ್ರಿ?" ಎನ್ನುತ್ತಾನೆ, ನಾವು "ಏನೈತಿ?" ಎನ್ನುತ್ತೇವೆ, ಜಗಳ ಶುರುವಾಗುತ್ತದೆ, ನಂಬಿಕೆ ಬೆಳೆಯುತ್ತದೆ. ಈ ಮನುಷ್ಯ ಜಗಳಕ್ಕೇ ಬರುತ್ತಿಲ್ಲ! ನನ್ನ ಗೇಣಿನ ಅಳತೆ ಕೇಳಿದ, ಬೆರಳಿನ ಉದ್ದ ಕೇಳಿದ, ಕೂತಾಗ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ಕೇಳಿದ. ಕೊನೆಗೆ, "ನಿಮ್ಮ ಕಡೆ ಬಿಸಿಲು ಜಾಸ್ತಿ ಅಲ್ವಾ ಮೇಡಂ? ಮನೇಲಿ ಏಸಿ ಇದ್ಯಾ?" ಎಂದ.

"ಅದು ನಿಮಗ್ಯಾಕ್ರಿ?"

"ಒಣ ಹವೆಗೆ ಮರ ಬಿರುಕು ಬಿಡುತ್ತೆ ಮೇಡಂ, ಅದಕ್ಕೆ ಕೇಳ್ದೆ."

ನಾನು ನಂಬಲಿಲ್ಲ. ಮನೆಯೊಳಗೆ ಏನೇನಿದೆ ಎಂದು ತಿಳಿದುಕೊಳ್ಳುವವರ ಕಥೆ ನನಗೆ ಗೊತ್ತಿಲ್ಲವೇ? "ನಮ್ಮ ಮನ್ಯಾಗ ನಾಯಿ ಐತ್ರಿ, ದೊಡ್ಡದು" ಎಂದೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ.

ಅನುಮಾನದ ನಡುವೆಯೂ ಮುಂಗಡ ಕಳಿಸಿ ಗಿಟಾರ್ ಮಾಡಲು ಹೇಳಿದೆ. ಮುಂದೊಂದು ದಿನ ನಾನು ಶಹಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದಾಗ ಆತನೇ ಫೋನ್ ಮಾಡಿದ. ಬಸ್ಸಿನ ಸದ್ದಿನಲ್ಲಿ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. "ಮೇಡಂ... ಯಾವ್ದು ಮಾಡ್ಲಿ... ತಲೆ ಮೇಲೆ..." ತಲೆ ಮೇಲೆ? ಯಾರ ತಲೆ? ಹೆಚ್ಚಿಗೆ ಏನೋ ಸೇರಿಸಿ ಹೆಚ್ಚಿಗೆ ಬಿಲ್ಲು ಮಾಡುವ ಹುನ್ನಾರ ಎಂದು ನನಗೆ ತಕ್ಷಣ ಹೊಳೆಯಿತು. ಮಾತನ್ನು ನನಗೆ ಬೇಕಾದ ಕಡೆ ತಿರುಗಿಸಿದೆ.

"ನೋಡ್ರಿ, ಬಾಳ ಮಾತು ಬ್ಯಾಡ. ನಮ್ಮತ್ತಿದು ಕರಿ ಎರಡು. ಅದಕ್ಕ ಹೊಂದೂ ಹಂಗ ಮಾಡ್ರಿ, ಸಾಕು."

"ಕರಿ... ಎರಡು? ಅತ್ತೆಯವರದ್ದಾ ಮೇಡಂ?"

"ಹೌದ್ರಿ! ಕರಿ ಎರಡು! ಮತ್ತ ಮತ್ತ ಕೇಳಬ್ಯಾಡ್ರಿ!"

ಫೋನ್ ಇಟ್ಟೆ. ನನ್ನ ವ್ಯವಹಾರ ಚಾತುರ್ಯಕ್ಕೆ ನಾನೇ ಬೆರಗಾದೆ.

ಕೆಲವು ತಿಂಗಳಾದ ಮೇಲೆ ಪಾರ್ಸೆಲ್ ಯಾದಗಿರಿಗೆ ಬಂತು, ಅಲ್ಲಿಂದ ಶಹಾಪುರಕ್ಕೆ ಬಂತು, ಅಲ್ಲೇ ಕೂತಿತು. ನಾನೇ ಹೋಗಿ ತಂದೆ. ಪೆಟ್ಟಿಗೆ ಎತ್ತಿದರೆ ಹೂವಿನಷ್ಟು ಹಗುರ! ನೇರವಾಗಿ ಪರಿಚಯದ ಜೋಳದ ಅಂಗಡಿಗೆ ಒಯ್ದು ತಕ್ಕಡಿಯ ಮೇಲೆ ಇಡಿಸಿದೆ.

"ಇಷ್ಟ ಹಗುರ ಯಾಕ್ರಿ ಸಾವ್ಕಾರ್ರ?"

"ಗಿಟಾರ್ ಅಂದ್ರ ಒಳಗ ಖಾಲಿನೇ ಇರ್ತದಲ್ರಿ ಅಕ್ಕೋರ" ಎಂದರು ಅವರು. ಅದು ಸರಿಯಾದ ಮಾತೇ. ಆದರೆ ಅವರು ಇಷ್ಟು ಬೇಗ ಹೇಗೆ ಉತ್ತರ ಕೊಟ್ಟರು ಎಂದು ನಾನು ಬಸ್ಸಿನುದ್ದಕ್ಕೂ ಯೋಚಿಸಿದೆ.

ಮನೆಯಲ್ಲಿ ಅತ್ತೆ, ನಮ್ಮನೆಯವರು, ಪಕ್ಕದ ಮನೆಯ ಫಾತಿಮಾ ಬೀ ಮೂವರ ಸಮಕ್ಷಮದಲ್ಲಿ ಪೆಟ್ಟಿಗೆ ಒಡೆದೆ. ಸುತ್ತಿದ ಕಾಗದ ಬಿಚ್ಚಿ ಗಿಟಾರ್ ಹೊರಗೆ ತೆಗೆದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣು ತುಂಬಿ ಬಂತು. ಎಷ್ಟು ಪುಟ್ಟದು! ಮಡಿಲಲ್ಲಿ ಇಟ್ಟುಕೊಂಡೆ. ಮೊಣಕೈ ಅದರ ಅಂಚಿನ ಮೇಲೆ ತಾನಾಗಿಯೇ ಕೂತಿತು. ಬೆರಳುಗಳು ತಡಕಾಡದೆ ತಂತಿಗೆ ಹೋದವು. ಒಂದು ಸಲ ಮೀಟಿದೆ. ಆ ನಾದ ನನ್ನ ಎದೆಗೆ ಹತ್ತಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಜೀವನದಲ್ಲಿ ಮೊದಲ ಸಲ ಒಂದು ವಸ್ತುವನ್ನು ನನ್ನ ಮೈ ಅಳತೆಗೆ, ನನಗೋಸ್ಕರವೇ ಯಾರೋ ಮಾಡಿದ್ದರು. ಆ ಒಂದು ಗಳಿಗೆ ನಾನು ಯಾರನ್ನೂ ಅನುಮಾನಿಸಲಿಲ್ಲ.

"ಇದೇನು, ಕಾಡಿಗಿ ಬಡದಂಗ ಕರ್ರಗ ಅದ?" ಎಂದರು ಅತ್ತೆ.

ಗಳಿಗೆ ಮುಗಿಯಿತು!

ಹೌದು, ಗಿಟಾರ್ ಕಪ್ಪಗಿತ್ತು. ನಾನು ಕಪ್ಪು ಕೇಳಿರಲಿಲ್ಲ. ಇನ್ನೂ ಸರಿಯಾಗಿ ನೋಡಿದರೆ ಅದರ ತಲೆಯ ಮೇಲೆ, ತಂತಿ ಬಿಗಿಯುವ ಕಿವಿಗಳ ನಡುವೆ, ಮುತ್ತಿನ ಚಿಪ್ಪಿನಲ್ಲಿ ಕೊರೆದು ಕೂರಿಸಿದ ಕನ್ನಡದ ಅಂಕಿ: ೨.

"ಎರಡು ಅಂತ ಯಾಕ ಬರದಾನ?" ಎಂದರು ನಮ್ಮನೆಯವರು.

ಫಾತಿಮಾ ಬೀ ಹತ್ತಿರ ಬಂದು ನೋಡಿ ನಿಟ್ಟುಸಿರು ಬಿಟ್ಟಳು. "ಯಾ ಅಲ್ಲಾ! ಇದು ದೋ ನಂಬರ್ ಮಾಲು ಇರ್ಬೇಕು ನೋಡ್ರಿ ಅಕ್ಕೋರ. ಆದ್ರ ಪಾಪ, ಮೊದಲೇ ಬರದು ಕಳಸ್ಯಾನ. ಇಮಾನ್ದಾರ್ ಮನಶ್ಯಾ ಅದಾನ."

ನನಗೇ ನಕಲಿ ಮಾಲೇ? ಬದನೆಕಾಯಿಯಲ್ಲಿ ಸೋಲದವಳು ಗಿಟಾರಿನಲ್ಲಿ ಸೋತೆನೇ? "ಹಂಗಾದ್ರ ಒಂದು ನಂಬರ್ ಯಾರಿಗೆ ಕೊಟ್ಟಾನ?" ಎಂದು ನಮ್ಮನೆಯವರು ಬೇರೆ ಉರಿಯುವ ಬೆಂಕಿಗೆ ಎಣ್ಣೆ ಹೊಯ್ದರು. ಕೂಡಲೇ ತನಿಖೆ ಆರಂಭಿಸಿದೆ.

ಮೊದಲು ಗಿಟಾರಿನ ಹೊಟ್ಟೆಯ ತೂತಿನೊಳಗೆ ಟಾರ್ಚ್ ಬಿಟ್ಟೆ. ಒಳಗೆ ತಂತಿಗೆ ಜೋತುಬಿದ್ದಂತೆ ಒಂದು ಪುಟ್ಟ ಬಟ್ಟೆಯ ಚೀಲ. ಮುಟ್ಟಿದರೆ ತೇವ!

"ಪೊಟ್ಲಿ!" ಎಂದು ಫಾತಿಮಾ ಬೀ ಎರಡು ಹೆಜ್ಜೆ ಹಿಂದೆ ಸರಿದಳು. "ಕರೇ ಸಾಮಾನು, ಒಳಗ ಹಸಿ ಪೊಟ್ಲಿ, ಮ್ಯಾಲ ನಂಬರು. ನಾ ಏನೂ ಹೇಳಂಗಿಲ್ಲವ್ವ."

ಏನೂ ಹೇಳದೆ ಎಲ್ಲವನ್ನೂ ಹೇಳಿಬಿಟ್ಟಳು. ನಾನು ಗಣಿತದವಳು, ಮಾಟ ಮಂತ್ರ ನಂಬುವುದಿಲ್ಲ. ಆದರೆ ಆ ಚೀಲವನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆದೆ, ಮತ್ತು ಮೂರು ದಾರಿ ಕೂಡುವ ಕಡೆ ಎಸೆದು ಬರಲು ನಮ್ಮನೆಯವರನ್ನು ಕಳಿಸಿದೆ. ಅವರು ಹೋಗಿ ಬಂದರು. ವಾದಿಸುವುದಕ್ಕಿಂತ ನಡೆಯುವುದು ಸುಲಭ ಎಂದು ಅವರಿಗೆ ಅನುಭವದಿಂದ ಗೊತ್ತು.

ನಂತರ ಬಣ್ಣದ ವಿಚಾರ. ಒಳ್ಳೆಯ ಕಟ್ಟಿಗೆಗೆ ಯಾರಾದರೂ ಕಪ್ಪು ಬಳಿಯುತ್ತಾರೆಯೇ? ಬಳಿದಿದ್ದಾನೆಂದರೆ ಏನನ್ನೋ ಮುಚ್ಚಿದ್ದಾನೆ. ಐದು ರೂಪಾಯಿಯ ನಾಣ್ಯ ತೆಗೆದುಕೊಂಡು ಗಿಟಾರಿನ ಬೆನ್ನಿನ ಮೇಲೆ ಸಣ್ಣಗೆ ಕೆರೆದೆ. ಏನೂ ಕಾಣಲಿಲ್ಲ. ದೊಡ್ಡದಾಗಿ ಕೆರೆದೆ. ಕಪ್ಪಿನ ಕೆಳಗೆ ಕೆಂಪು ಬಣ್ಣದ, ಎಳೆ ಎಳೆಯಾದ, ಅಪ್ಪಟ ಬೀಟೆ ಮರ ಕಂಡಿತು. ಯಾವ ಸಾಮಾನ್ಯ ಮನುಷ್ಯನಿಗಾದರೂ ಅಲ್ಲಿಗೆ ಸಮಾಧಾನವಾಗುತ್ತಿತ್ತು. ನನಗೆ ಅನುಮಾನ ದುಪ್ಪಟ್ಟಾಯಿತು. ಇಷ್ಟು ಒಳ್ಳೆಯ ಕಟ್ಟಿಗೆಯನ್ನು ಯಾಕೆ ಮುಚ್ಚಿದ? ಕಳ್ಳ ಮಾಲೇ ಇರಬೇಕು!

ಇನ್ನು ತಡೆಯಲಾಗಲಿಲ್ಲ. ಎಲ್ಲರೂ ಸಾಕ್ಷಿಯಾಗಿರಲಿ ಎಂದು ಫೋನನ್ನು ಸ್ಪೀಕರಿನಲ್ಲಿ ಇಟ್ಟು ಕರೆ ಮಾಡಿದೆ.

"ಮೇಡಂ! ತಲುಪಿತಾ? ಹೇಗಿದೆ? ನಾನು ನಿನ್ನೆಯಿಂದ ಕಾಯ್ತಾ ಇದ್ದೀನಿ!" ಎಂದ ಆತ. ದನಿಯಲ್ಲಿ ಹಬ್ಬ.

"ಹೆಂಗೈತಿ ಅಂತ ನನ್ನ ಕೇಳ್ತೀರೇನ್ರಿ? ದೋ ನಂಬರ್ ಮಾಲು ಕಳಿಸಿ, ತಲಿ ಮ್ಯಾಲ ಎರಡು ಅಂತ ಸಿಕ್ಕಾನೂ ಹೊಡದು, ಮ್ಯಾಲೆ ಕರೇ ಬಣ್ಣ ಬಳದು, ನಮ್ಮನ್ನ ಏನ್ ತಿಳ್ಕೊಂಡೀರಿ? ನಾ ಗಣಿತದ ಟೀಚರ್ ಇದೀನಿ!"

ಆತನ ದನಿ ಸಣ್ಣದಾಯಿತು. "ಮೇಡಂ, ನೀವೇ ಹೇಳಿದ್ದಲ್ವಾ? ಬಣ್ಣ ಯಾವ್ದು ಮಾಡ್ಲಿ, ತಲೆ ಮೇಲೆ ಏನು ಗುರುತು ಕೂರಿಸ್ಲಿ ಅಂತ ಕೇಳ್ದೆ. ನೀವು ನಮ್ಮತ್ತೆದು ಕರಿ, ಎರಡು ಅಂದ್ರಿ. ಮತ್ತೆ ಕೇಳಿದ್ದಕ್ಕೆ ಬೈದ್ರಿ. ಅದಕ್ಕೆ ಕರಿ ಬಣ್ಣ ಮಾಡಿ, ಎರಡು ಅಂತ ಕೂರಿಸ್ದೆ. ಅತ್ತೆಯವರಿಗೆ ಅದೃಷ್ಟದ ಅಂಕಿ ಇರ್ಬೇಕು ಅಂದ್ಕೊಂಡೆ. ಆ ಚಿಪ್ಪು ಕೊರೆಯೋಕೆ ತುಂಬಾ ಕಷ್ಟಪಟ್ಟೆ ಮೇಡಂ. ಬೀಟೆಗೆ ಕಪ್ಪು ಬಳಿಯೋವಾಗ ಹೊಟ್ಟೆ ಉರೀತು, ಆದ್ರೆ ನಿಮ್ಮ ಇಷ್ಟ ಅಂತ ಸುಮ್ಮನಾದೆ."

ಮೊದಲು ನಕ್ಕವರು ಅತ್ತೆ. ಆ ನಗೆಯನ್ನು ನಾನು ಈ ಮನೆಯಲ್ಲಿ ಎಂದೂ ಕೇಳಿರಲಿಲ್ಲ. "ಕರಿ ಎರಡು! ನನ್ನ ಶ್ರುತಿನ ತಂದು ಗಿಟಾರಿನ ಹಣಿಗೆ ಬಡಿಸ್ಯಾಳಲ್ಲೋ ಮಲ್ಲಣ್ಣ!" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಫಾತಿಮಾ ಬೀ ಗೋಡೆ ಹಿಡಿದು ನಗುತ್ತಿದ್ದಳು. ನಮ್ಮನೆಯವರು ಮಾತ್ರ ನಗಲಿಲ್ಲ. ರಾತ್ರಿಯ ಊಟ ನನ್ನ ಕೈಯಲ್ಲಿತ್ತು.

"ಒಳಗಿನ ತೇವದ ಚೀಲ ಇದೆಯಲ್ವಾ ಮೇಡಂ? ನಿಮ್ಮ ಬಿಸಿಲಿಗೆ ಮರ ಒಣಗದೆ ಇರಲಿ ಅಂತ ಇಟ್ಟಿದ್ದೀನಿ. ತೆಗೀಬೇಡಿ."

ನಾನು ನಮ್ಮನೆಯವರ ಕಡೆ ನೋಡಿದೆ. ಅವರು ಚಪ್ಪಲಿ ಹಾಕಿಕೊಂಡು ಮೂರು ದಾರಿಯ ಕಡೆ ಮತ್ತೆ ಹೊರಟರು.

"ದಾರೀಲಿ ಗೀರೇನೂ ಬಿದ್ದಿಲ್ಲ ತಾನೇ?"

"ಒಂದು ಸಣ್ಣದು..." ಎಂದು ನಾನು ತೊದಲುವಷ್ಟರಲ್ಲಿ ಅತ್ತೆ ಫೋನಿಗೆ ಬಾಯಿ ಹಚ್ಚಿದರು. "ದಾರ್ಯಾಗ ಬಿದ್ದಿಲ್ಲಪ್ಪ! ಈಕಿನೇ ಐದು ರೂಪಾಯಿಲೆ ಕೆರದಾಳ!"

ನೆಲ ಬಾಯಿ ಬಿಡಬಾರದೇ ಎನಿಸಿತು. ತಪ್ಪಾಯಿತು ಎಂದೆ. ಆತ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. "ಪರವಾಗಿಲ್ಲ ಮೇಡಂ, ಗೀರು ಬಿದ್ದ ಮೇಲೇನೇ ಅದು ನಿಮ್ಮದಾಗೋದು. ನುಡಿಸಿ, ನಾದ ಬಿಟ್ಕೊಳ್ಳುತ್ತೆ. ನಾಯಿಗೆ ಮಾತ್ರ ಸಿಗದ ಹಾಗೆ ನೋಡ್ಕೊಳ್ಳಿ" ಎಂದ.

ಸೋಮವಾರ ಬಂತು. ಭಜನೆಯಲ್ಲಿ ಅತ್ತೆಯ ಪಕ್ಕದಲ್ಲಿ ನಾನು ಗಿಟಾರ್ ಹಿಡಿದು ಕೂತೆ. ತಂತಿಗಳನ್ನು ಕರಿ ಎರಡಕ್ಕೇ ಕೂಡಿಸಿಕೊಂಡಿದ್ದೆ. ಅತ್ತೆ ಹಾಡು ಎತ್ತಿದರು, ನಾನು ಮೆಲ್ಲಗೆ ಮೀಟುತ್ತಾ ಹಿಂದೆ ಹೋದೆ. ಪುಟ್ಟ ಗಿಟಾರ್ ಎಲ್ಲೂ ಅವರ ದನಿಯನ್ನು ದಾಟಲಿಲ್ಲ, ಎಲ್ಲೂ ಕೈಬಿಡಲಿಲ್ಲ. ಹಾಡು ಮುಗಿದಾಗ ಅತ್ತೆ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೆ, ಸ್ಪಷ್ಟವಾಗಿ ಹೇಳಿದರು:

"ಛಲೋ ಆತು."

ಇಷ್ಟು ವರ್ಷ ಕಾದ ಮಾತು! ಮನೆಯವರೆಗೆ ನೆಲದ ಮೇಲೆ ಕಾಲಿಡದೆ ನಡೆದೆ. ಹೊಸ್ತಿಲು ದಾಟುವಾಗ ಒಂದು ಪ್ರಶ್ನೆ ತಲೆಯೊಳಗೆ ಹುಟ್ಟಿತು. ಅತ್ತೆ ಯಾಕೆ ಹೊಗಳಿದರು?

ಮರುದಿನ ಬೆಳಿಗ್ಗೆ ಅವರೇ ಬಿಸಿ ರೊಟ್ಟಿ ಬಡಿದು, ಮೇಲೆ ಬೆಣ್ಣೆ ಹಾಕಿ ನನ್ನ ಮುಂದೆ ಇಟ್ಟರು. ಅನುಮಾನ ಬಲವಾಯಿತು.

"ಅತ್ತಿ, ಏನರ ಬೇಕಾಗ್ಯಾದೇನ್ರಿ?"

"ಏನಿಲ್ಲ ಬಿಡು, ತಿನ್ನು ನೀ." ಬೆಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು, "ಆ ಗಿಟಾರ್ ತುಸು ಇಲ್ಲಿ ಕೊಡು" ಎಂದರು. "ಅಲ್ಲ, ಆ ಮೈಸೂರಿನಾಂವ ಅದನ್ನ ನನಗಂತನೇ ಮಾಡ್ಯಾನಲ್ಲ? ನಮ್ಮತ್ತಿದು, ನಮ್ಮತ್ತಿದು ಅಂತ ನೀನೇ ಹೇಳಿದ್ಯಂತ. ನನ್ನ ಶ್ರುತಿನೂ ಅದರ ತಲಿ ಮ್ಯಾಲ ಬರದದ. ಮತ್ತ?"

ಗಣಿತ ಓದಿದವಳಾಗಿ ನಾನು ಆ ತರ್ಕದಲ್ಲಿ ಒಂದಾದರೂ ತಪ್ಪು ಹುಡುಕಿದೆ. ಸಿಗಲಿಲ್ಲ. ಅವರ ಗೇಣೂ ನನ್ನ ಗೇಣೂ ಒಂದೇ ಅಳತೆ ಎಂಬುದು ಗಿಟಾರ್ ಅವರ ಮಡಿಲಿಗೆ ಹೋದಾಗ ತಿಳಿಯಿತು. ಒಂದೇ ಬೆರಳಿನಲ್ಲಿ ಒಂದೇ ತಂತಿ ಮೀಟುತ್ತಾ ಅವರು ಹಾಡತೊಡಗಿದರು. ನಾನು ಕಲಿತ ಅಷ್ಟೂ ವಿದ್ಯೆಗಿಂತ ಅದು ಚೆನ್ನಾಗಿ ಕೇಳಿಸಿತು!

ನೂರಾರು ಅನುಮಾನ ಪಟ್ಟ ನನ್ನ ಬಾಳಿನಲ್ಲಿ ನಿಜವಾದದ್ದು ಆ ಬೆಳಗಿನದು ಒಂದೇ. ಈಗ ಪ್ರತಿ ಸೋಮವಾರ ಅತ್ತೆ ಗಿಟಾರ್ ಹಿಡಿದು ನಡುವೆ ಕೂರುತ್ತಾರೆ. ನಾನು ಹಿಂದಿನ ಸಾಲಿನಲ್ಲಿ, ಭಜನೆ ಕೇಳಲು ಬರುವ ಫಾತಿಮಾ ಬೀಯ ಪಕ್ಕದಲ್ಲಿ ಕೂತು ತಾಳ ಬಾರಿಸುತ್ತೇನೆ. ಭಜನೆಯಲ್ಲಿ ಎಲ್ಲಾದರೂ ಲಯ ತಪ್ಪಿದರೆ ಮಂದಿಯೆಲ್ಲ ಒಮ್ಮೆಲೇ ತಿರುಗಿ ಅನುಮಾನದಿಂದ ನನ್ನನ್ನೇ ನೋಡುತ್ತಾರೆ. ಅವರ ಅನುಮಾನ ಒಮ್ಮೆಯೂ ಸುಳ್ಳಾಗಿಲ್ಲ!