ಹತ್ತು ವೋಲ್ಟ್ ಕಾಯುವ ಕೆಲಸ

ನಗಲಿಕ್ಕೆ ಏನೂ ಇಲ್ಲದ ಕೆಲಸ ಅಂತ ಒಂದಿದ್ದರೆ ಅದು ನಮ್ಮದೇ ಎಂದು ಮೊದಲ ತಿಂಗಳು ಅಂದುಕೊಂಡಿದ್ದೆ. ಆಮೇಲೆ ಆರು ವರ್ಷ ಅಲ್ಲೇ ಇದ್ದೆ. ನಗದೆ ಕಳೆದ ವಾರ ಯಾವುದೂ ನೆನಪಿಲ್ಲ.

ತೊಂಬತ್ತರ ದಶಕದ ಮಾತು. ಸೌದಿಯ ದಹ್ರಾನಿನಲ್ಲಿ ಒಂದು ಲ್ಯಾಬು. ಎಣ್ಣೆ ಕಂಪೆನಿಗಳ ಮೀಟರುಗಳನ್ನು ಪರೀಕ್ಷಿಸಿ, ಸರಿ ಉಂಟು ಎಂದು ಚೀಟಿ ಅಂಟಿಸಿ ಕೊಡುವುದು ನಮ್ಮ ಕಸುಬು. ಅಲ್ಲಿ ಒಂದು ಪೆಟ್ಟಿಗೆ ಇತ್ತು, ಹಳೆಯ ಟೇಪ್ ರೆಕಾರ್ಡರಿನಷ್ಟು ದೊಡ್ಡದು. ಅದು ಮಾಡುತ್ತಿದ್ದದ್ದು ಒಂದೇ: ಹತ್ತು ವೋಲ್ಟ್ ಕೊಡುವುದು. ಹೆಚ್ಚಲ್ಲ, ಕಡಿಮೆಯಲ್ಲ. ಬೇರೆ ಮೀಟರುಗಳನ್ನೆಲ್ಲ ಅದಕ್ಕೆ ಹೋಲಿಸಿಯೇ ತಿದ್ದಬೇಕು. ಅದನ್ನು ಯಾವತ್ತೂ ಆಫ್ ಮಾಡುವಂತಿಲ್ಲ. ಮಾಡಿದರೆ ಮತ್ತೆ ಸ್ಥಿಮಿತಕ್ಕೆ ಬರಲು ವಾರಗಳೇ ಬೇಕು. ಅದನ್ನು ನೋಡಿಕೊಳ್ಳುವವನು ನಾನು.

ಮಾವನ ಪ್ರಶ್ನೆ

ಮೊದಲ ರಜೆಯಲ್ಲಿ ಊರಿಗೆ ಹೋದಾಗ ಮಾವ ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದರು.

"ಅಲ್ಲಿ ನಿಮ್ಮ ಕೆಲಸ ಎಂತದು?"

"ಹತ್ತು ವೋಲ್ಟ್ ಹತ್ತೇ ಉಂಟಾ ಅಂತ ನೋಡುವುದು."

"ಇದ್ದರೆ?"

"ಉಂಟು ಅಂತ ಬರೆದಿಡುವುದು."

"ಇಲ್ಲದಿದ್ದರೆ?"

"ಎಷ್ಟು ಕಡಿಮೆ ಅಂತ ಬರೆದಿಡುವುದು."

ಸಂಜೆ ನೆಂಟರೊಬ್ಬರು ಬಂದು, ಅಳಿಯ ಸೌದಿಯಲ್ಲಿ ಇಂಜಿನಿಯರಂತೆ, ಹೌದಾ ಎಂದು ಕೇಳಿದರು.

ಮಾವ ದನಿ ತಗ್ಗಿಸಿ ಹೇಳಿದರು, "ಹಾಗಂತ ಹೇಳಿ ಮದುವೆ ಮಾಡಿಸಿದ್ದು. ಗುಮಾಸ್ತ."

ಗೇಟಿನಲ್ಲಿ

ವರ್ಷಕ್ಕೊಮ್ಮೆ ಆ ಪೆಟ್ಟಿಗೆಯನ್ನು ಇನ್ನೊಂದು ಲ್ಯಾಬಿಗೆ ಒಯ್ದು, ಅಲ್ಲಿಯ ಪೆಟ್ಟಿಗೆಯ ಜೊತೆ ಹೋಲಿಸಿ ತರಬೇಕಿತ್ತು. ದಾರಿಯಲ್ಲಿ ಅದು ಒಳಗಿನ ಬ್ಯಾಟರಿಯಲ್ಲಿ ನಡೆಯುತ್ತದೆ. ಗೇಟಿನಲ್ಲಿ ಒಬ್ಬ ವಯಸ್ಸಾದ ಸೌದಿ ಕಾವಲುಗಾರರು ಇದ್ದರು. ಬಹಳ ಸಾಧು ಮನುಷ್ಯ, ಆದರೆ ಕಾಗದ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಡುವವರಲ್ಲ. ಅವರ ಹಿಂದಿ, ನನ್ನ ಅರಬ್ಬಿ ಎರಡೂ ಹರಕು ಮುರುಕು. ಹೇಗೋ ಮಾತು ಸಾಗುತ್ತಿತ್ತು.

"ಒಳಗೆ ಏನಿದೆ, ಮುಹಂದಿಸ್?" ಎಂದರು. ಅಲ್ಲಿ ಇಂಜಿನಿಯರುಗಳನ್ನು ಹಾಗೆ ಕರೆಯುತ್ತಾರೆ.

"ಹತ್ತು ವೋಲ್ಟ್."

ಅವರು ಪುಸ್ತಕ ತೆಗೆದು, 'ಹೊರಗೆ ಹೋದದ್ದು: ಹತ್ತು ವೋಲ್ಟ್' ಎಂದು ಬರೆದುಕೊಂಡರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ.

ಮೂರು ದಿನ ಬಿಟ್ಟು ವಾಪಸು ಬಂದೆ. ಅವರು ಅದೇ ಪುಟ ತೆರೆದರು.

"ಅಲ್ಲಿ ಇದನ್ನು ಬಳಸಿದರಾ?"

"ಬಳಸಿದರು."

"ಮತ್ತೆ ಈಗ ಎಷ್ಟು ಉಳಿದಿದೆ?"

ವೋಲ್ಟ್ ಎಂದರೆ ಡ್ರಮ್ಮಿನ ಎಣ್ಣೆಯ ಹಾಗೆ ಖರ್ಚಾಗುವುದಲ್ಲ ಎಂದು ವಿವರಿಸಲು ಹೊರಟೆ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು, ಒಳಗೆ ಬ್ಯಾಟರಿ ಇಳಿಯುತ್ತಾ ಇದೆ. ವಿವರಣೆ ಬಿಟ್ಟೆ. ಕೈಮೀಟರು ತೆಗೆದು ಎರಡು ವೈರು ಹಿಡಿದು ತೋರಿಸಿದೆ. ಹತ್ತು ಎಂದು ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಎರಡೆರಡು ಸಲ ನೋಡಿ, ಪುಸ್ತಕದಲ್ಲಿ ಬರೆದು, ನನ್ನ ಭುಜ ತಟ್ಟಿದರು.

"ಒಳ್ಳೆಯ ಮನುಷ್ಯ ನೀನು. ಒಂದನ್ನೂ ಅಲ್ಲಿ ಬಿಟ್ಟು ಬಂದಿಲ್ಲ."

ಹದಿಮೂರರ ಕೊರತೆ

ಹೊಸದಾಗಿ ಒಬ್ಬ ಮ್ಯಾನೇಜರು ಬಂದರು. ಮಾರಾಟ ವಿಭಾಗದಿಂದ ಬಂದವರು, ಕೊರತೆ ಎಂಬ ಶಬ್ದವೇ ಆಗದವರು. ಬಂದ ದಿನವೇ ನಮ್ಮ ದೊಡ್ಡ ಮೀಟರಿನ ಮುಂದೆ ನಿಂತರು. ಅದರಲ್ಲಿ 9.999987 ಎಂದು ತೋರಿಸುತ್ತಿತ್ತು.

"ಹತ್ತು ಯಾಕಿಲ್ಲ?"

ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹದಿಮೂರು ಪಾಲು ಕಡಿಮೆ, ಅಷ್ಟೇ, ಆ ಹದಿಮೂರು ನಮಗೆ ಗೊತ್ತಿದ್ದರೆ ಸಾಕು ಎಂದೆ.

"ಗೊತ್ತಿದ್ದೂ ಸುಮ್ಮನಿದ್ದೀರಾ?" ಎಂದರು. "ನಾಳೆ ಗಿರಾಕಿಗಳು ನೋಡಲಿಕ್ಕೆ ಬರ್ತಾರೆ. ಅಷ್ಟರಲ್ಲಿ ಹತ್ತು ಆಗಬೇಕು."

ಮರುದಿನ ಬೆಳಿಗ್ಗೆ ನಾನು ಮೀಟರಿನ ಕೊನೆಯ ಎರಡು ಅಂಕೆಗಳು ಕಾಣದ ಹಾಗೆ ಬಟನ್ ಒತ್ತಿ ಇಟ್ಟೆ. ಮೀಟರು ಉಳಿದದ್ದನ್ನು ತಾನೇ ಹತ್ತಿರದ ಅಂಕೆಗೆ ಸರಿಸಿಕೊಂಡಿತು, 10.0000 ಎಂದು ಬಂತು. ಮ್ಯಾನೇಜರು ನೋಡಿ ಬಹಳ ಖುಷಿಪಟ್ಟರು.

"ನೋಡಿದಿರಾ," ಎಂದರು, "ಮನಸ್ಸು ಮಾಡಿದರೆ ನಿಮ್ಮಿಂದಲೂ ಆಗ್ತದೆ."

ಬೆಳಗಿನ ಏರು

ಇನ್ನೊಂದು ವರ್ಷ ನನ್ನ ರಜೆಗೆ ಮೂರು ವಾರ ಇರುವಾಗ ಪೆಟ್ಟಿಗೆ ಕೈಕೊಟ್ಟಿತು. ದಿನಾ ಬೆಳಿಗ್ಗೆ ನೋಡಿದರೆ ರೀಡಿಂಗ್ ಸ್ವಲ್ಪ ಏರಿರುತ್ತಿತ್ತು. ಮಧ್ಯಾಹ್ನಕ್ಕೆ ತಾನಾಗಿ ಸರಿಯಾಗುತ್ತಿತ್ತು. ಲ್ಯಾಬಿನೊಳಗೆ ನಮ್ಮ ಬಾಸ್ ಆ ಮ್ಯಾನೇಜರಲ್ಲ, ಬೇರೆಯವರು; ಇಂಗ್ಲೆಂಡಿನವರು, ಮಾತು ಕಡಿಮೆ. "ತಯಾರಿಸಿದವರಿಗೇ ಕಳಿಸಿಬಿಡುವಾ. ಅದು ವಾಪಸು ಬಂದು ಸರಿಯಾಗುವವರೆಗೆ ನೀವು ರಜೆ ಹೋಗುವ ಹಾಗಿಲ್ಲ," ಎಂದರು.

ಊರಲ್ಲಿ ಮಗಳು ಹುಟ್ಟಿ ಒಂಬತ್ತು ತಿಂಗಳಾಗಿತ್ತು. ಅವಳನ್ನು ನೋಡಿದ್ದು ಫೋಟೋದಲ್ಲಿ ಮಾತ್ರ.

ನಮ್ಮಲ್ಲಿ ಮೈಸೂರಿನ ಒಬ್ಬ ಹಿರಿಯರಿದ್ದರು. ಶಿಸ್ತು ಎಂದರೆ ಅವರು. ಬಾಗಿಲಿಗೆ 'ಒಳಗೆ ತಿಂಡಿ ತೀರ್ಥ ತರಬಾರದು' ಎಂದು ಬರೆದು ಅಂಟಿಸಿದ್ದೂ ಅವರೇ. ಅವರು ನನಗಾಗಿ ಹಟಕ್ಕೆ ಬಿದ್ದು ಗ್ರಾಫ್ ಹಾಕಿದರು, ಮೂರು ಪುಟ ಟಿಪ್ಪಣಿ ಬರೆದರು. ತೇವಾಂಶ ಇರಬಹುದು, ಕರೆಂಟಿನ ಏರಿಳಿತ ಇರಬಹುದು, ಒಳಗಿನ ಬಿಡಿಭಾಗಕ್ಕೆ ವಯಸ್ಸಾಗಿರಬಹುದು ಎಂದೆಲ್ಲ. "ಧೈರ್ಯವಾಗಿರಿ, ಕಾರಣ ಹುಡುಕೇ ಹುಡುಕ್ತೀನಿ," ಎಂದರು.

ಒಂದು ದಿನ ನಾನು ಒಂದು ಗಂಟೆ ಮೊದಲೇ ಲ್ಯಾಬಿಗೆ ಹೋದೆ. ಪೆಟ್ಟಿಗೆಯ ಮೇಲೆ ಏನೋ ಕೂತಿತ್ತು. ದಪ್ಪ ಟವೆಲು ಸುತ್ತಿದ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಒಳಗೆ ಗಟ್ಟಿ ಮೊಸರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮೈಸೂರಿನವರು.

"ಮುಚ್ಚಿಡಿ, ಅಲ್ಲಾಡಿಸಬೇಡಿ," ಎಂದರು. ಆಮೇಲೆ ನಾಚಿಕೊಂಡು ಹೇಳಿದರು, "ಕ್ವಾರ್ಟರ್ಸಲ್ಲಿ ಏಸಿ ಜಾಸ್ತಿ ಕಣ್ರೀ, ಹೆಪ್ಪಾಗೋದೇ ಇಲ್ಲ. ಇದು ಮಾತ್ರ ಯಾವಾಗಲೂ ಹದವಾಗಿ ಬೆಚ್ಚಗಿರುತ್ತೆ. ಸಾಯಂಕಾಲ ಇಟ್ಟು ಹೋದ್ರೆ ಬೆಳಿಗ್ಗೆಗೆ ಸರಿಯಾಗಿ ಆಗಿರುತ್ತೆ."

ನಾನು ಡಬ್ಬಿಯನ್ನೂ ನೋಡಿದೆ, ಗೋಡೆಗೆ ಅಂಟಿಸಿದ್ದ ಅವರ ಗ್ರಾಫನ್ನೂ ನೋಡಿದೆ. ಅವರೂ ನೋಡಿದರು. ಟವೆಲು ಪೆಟ್ಟಿಗೆಯ ಗಾಳಿಕಿಂಡಿಗಳನ್ನು ಮುಚ್ಚಿತ್ತು; ರಾತ್ರಿಯಿಡೀ ಒಳಗಿನ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಅವರ ಮುಖ ಮೆಲ್ಲಗೆ ಬಣ್ಣಗೆಟ್ಟಿತು.

"ಅಯ್ಯೋ, ಇದು ನಾನೇ ಏನ್ರೀ," ಎಂದರು.

ಮರುದಿನದಿಂದ ರೀಡಿಂಗ್ ಅಲುಗಲಿಲ್ಲ. ವಾರ ಕಳೆದ ಮೇಲೆ ವರದಿ ಬರೆದೆ. ದೋಷದ ಕಾರಣ: ಮೇಲೆ ಇಟ್ಟಿದ್ದ ವಸ್ತು. ಪರಿಹಾರ: ವಸ್ತು ತೆಗೆಯಲಾಗಿದೆ. ಯಾರ ಹೆಸರೂ ಹಾಕಲಿಲ್ಲ. ಬಾಸ್ ಓದಿ, ನನ್ನ ರಜೆ ಅರ್ಜಿಗೆ ಸಹಿ ಮಾಡಿದರು. ಆಮೇಲೆ ತಲೆಯೆತ್ತಿ ಕೇಳಿದರು, "ಯಾವ ವಸ್ತು?"

ಪಕ್ಕದಲ್ಲಿ ನಿಂತಿದ್ದ ಮೈಸೂರಿನವರಿಗೆ ಸುಳ್ಳು ಹೇಳಿ ಅಭ್ಯಾಸವೇ ಇಲ್ಲ.

"ಮೊಸರು, ಸರ್. ನನ್ನದೇ."

ಬಾಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗಂಭೀರವಾಗಿ ಕೇಳಿದರು, "ಲ್ಯಾಬಿನ ಬೇರೆ ಯಾವ ಉಪಕರಣಕ್ಕೂ ಇದರಿಂದ ತೊಂದರೆ ಆಗಿಲ್ಲ ತಾನೆ?"

"ಇಲ್ಲ ಸರ್," ಎಂದರು ಮೈಸೂರಿನವರು ಅಷ್ಟೇ ಗಂಭೀರವಾಗಿ. "ಎಲ್ಲದರ ಮೇಲೂ ಒಂದೊಂದು ಸಲ ಇಟ್ಟು ನೋಡಿದ್ದೀನಿ. ಬೇರೆ ಯಾವುದರಲ್ಲೂ ಹೆಪ್ಪಾಗಲ್ಲ."