ತಲೆ ಅಳೆದವನು ಕುರಿ ಎಣಿಸಲು ಹೋದದ್ದು

ಮನುಷ್ಯರನ್ನು ಓದಲು ಹೊರಟವನನ್ನು ಮನುಷ್ಯರೇ ಓದಿಬಿಡುವುದು ದಿನಾ ನಡೆಯೋದೇ. ನನ್ನಂಥವನಿಗೇ ಹೀಗಾಯಿತು ಅಂದರೆ ಉಳಿದವರ ಪಾಡು ನೀವೇ ಊಹಿಸಿ. ಬರಗೂರಿನ ಕಡೆಯಿಂದ ಹೋಗಿ ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಿದ ಮೊದಲ ಗಂಡು ನಾನೇ. ಬೇರೆ ಯಾರಾದರೂ ಇದ್ದರೆ ಮುಂದೆ ಬರಲಿ.

ಹೆಲ್ಮೆಟ್

ದೈಹಿಕ ಮಾನವಶಾಸ್ತ್ರ ಅಂತ ಒಂದು ಶಾಖೆ. ರಜಕ್ಕೆ ಹೊರಟಾಗ ಮೇಷ್ಟ್ರು ಇಕ್ಕಳದಂಥ ಒಂದು ಅಳತೆಗೋಲು ಕೊಟ್ಟು, ಹತ್ತು ತಲೆ ಅಳೆದು ತಾ ಅಂದರು. ಊರಿನ ಟೀ ಅಂಗಡಿ ಮುಂದೆ ನಮ್ಮ ಸೋದರಮಾವನ ತಲೆಗೇ ಮೊದಲು ಹಿಡಿದೆ. ಮಾರನೆ ಬೆಳಿಗ್ಗೆ ಮನೆ ಮುಂದೆ ಬೈಕುಗಳ ಸಾಲು. ಸರ್ಕಾರ ಪುಕ್ಕಟೆ ಹೆಲ್ಮೆಟ್ ಕೊಡುತ್ತದೆ, ಅಳತೆಗೆ ನಮ್ಮ ಹುಡುಗನನ್ನೇ ಕಳಿಸಿದೆ ಅಂತ ಮಾವ ಸುದ್ದಿ ಹಬ್ಬಿಸಿದ್ದ.

"ಲೇ, ನಂದು ಒಂಚೂರು ಲೂಸಾಗಿ ಬರ್ಕಳ್ಲಾ" ಅಂದ ಒಬ್ಬ.

ಹತ್ತು ಕೇಳಿದವರಿಗೆ ಅರವತ್ತು ತಲೆ ಒಯ್ದು ಕೊಟ್ಟೆ, ಕ್ಲಾಸಿಗೇ ಫಸ್ಟು. ಊರಲ್ಲಿ ಮಾತ್ರ ಇವತ್ತಿಗೂ ಯಾರಾದರೂ ಹೆಲ್ಮೆಟ್ ಇಲ್ಲದೆ ಪೊಲೀಸರ ಕೈಗೆ ಸಿಕ್ಕಿದರೆ ನನ್ನ ಹೆಸರು ಹೇಳುತ್ತಾರೆ.

ಮಡಕೆ ಚೂರು

ಪುರಾತತ್ವವೂ ನಮ್ಮ ಶಾಸ್ತ್ರದ್ದೇ ಒಂದು ಕೊಂಬೆ. ಮದಲೂರು ಕೆರೆಯ ಅಂಗಳಕ್ಕೆ ಇಡೀ ಕ್ಲಾಸು ಹೋಗಿತ್ತು. ಕರೀ ಮಡಕೆ ಚೂರೊಂದು ನನ್ನ ಕಣ್ಣಿಗೇ ಬಿತ್ತು, ಬೀಳದೆ ಇರುತ್ತದೆಯೇ. ಅದನ್ನು ಎತ್ತಿ ಹಿಡಿದು ಸಾವಿರಾರು ವರ್ಷ ಹಿಂದಕ್ಕೆ ಹೋಗಿ ಅರ್ಧ ಗಂಟೆ ಮಾತಾಡಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸು ಬಂದು ನೋಡಿ, "ಇದು ನಮ್ಮತ್ತೆ ಹೋದ್ ವರ್ಸ ಒಡೆದಾಕಿದ್ದು ಕಣಪ್ಪ" ಅಂದಳು.

ಮೇಷ್ಟ್ರು ನನ್ನ ನೋಟ್‌ಬುಕ್ಕಿನಲ್ಲಿ 'ಕಾಲ: ಹೋದ ವರ್ಷ' ಅಂತಲೇ ಬರೆಸಿದರು.

ಖಾಲಿ ಸಾಲು

ಕೊನೆಯ ವರ್ಷ, ಗೌಡಗೆರೆ ಕಡೆಯ ಕುರಿ ಸಾಕುವವರ ಹಟ್ಟಿಯಲ್ಲಿ ಒಂದು ತಿಂಗಳಿದ್ದು ಪ್ರಶ್ನೆಪಟ್ಟಿ ತುಂಬಬೇಕು. ಮೇಷ್ಟ್ರು ಬಂದು ನೋಡಿ ಸಹಿ ಹಾಕಿದರೇನೇ ಪದವಿ. ನಾನು ಹಳ್ಳಿ ಹೈದ, ಎರಡೇ ದಿನದ ಕೆಲಸ ಅಂತ ಸಿರಾ ಬಸ್‌ಸ್ಟ್ಯಾಂಡಿನಲ್ಲಿ ಗೆಳೆಯರ ಮುಂದೆ ಕೊಚ್ಚಿಕೊಂಡು ಹೊರಟೆ.

ಹಟ್ಟಿಯ ಹಿರಿಯಜ್ಜಿಗೆ ಮೊದಲ ಪ್ರಶ್ನೆಯೇ, ಕುರಿ ಎಷ್ಟಿವೆ ಅಂತ. ಅಜ್ಜಿ ಎದ್ದು ಒಳಗೆ ಹೋದಳು. ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ಲೆಕ್ಕ ಬಾಯಲ್ಲಿ ಹೇಳಿದರೆ ಮಂದೆಗೆ ದೃಷ್ಟಿ ತಾಗುತ್ತದೆ ಅನ್ನುವುದು ಹೊಲ ಉಳುವ ಮನೆಯ ನನಗೆ ಗೊತ್ತೇ ಇರಲಿಲ್ಲ. ಮೂರನೇ ದಿನ ಅಜ್ಜಿ ಕೋಲು ಕೊಟ್ಟು, ಸುಮ್ಮನೆ ಕುಂತಿರೋ ಬದಲು ಮರಿ ಕಾಯಿ ಅಂದಳು. ಕಾದೆ. ಮರಿ ಹೆಗಲ ಮೇಲೆ, ಮುದ್ದೆ ಹೊಟ್ಟೆಯೊಳಗೆ. ಆ ತಿಂಗಳಿನಂಥ ನಿದ್ದೆ ಆಮೇಲೆ ಬಂದೇ ಇಲ್ಲ. ಜನ ತಾವಾಗೇ ಮಾತಾಡಿದರು. ಮೊದಲ ಸಾಲೊಂದು ಬಿಟ್ಟು ಪಟ್ಟಿಯೆಲ್ಲ ತುಂಬಿತು.

ಮೇಷ್ಟ್ರು ಬಂದರು. ಸಹಿಗೆ ಪೆನ್ನು ತೆಗೆದವರು ಖಾಲಿ ಸಾಲು ನೋಡಿ ನಿಂತರು.

"ಒಟ್ಟು ಕುರಿ ಎಷ್ಟಯ್ಯಾ?"

ಇಡೀ ಹಟ್ಟಿ ನನ್ನ ಕಡೆ ನೋಡಿತು. ದಿನಾ ಸಂಜೆ ಮಂದೆಯನ್ನು ದೊಡ್ಡಿಗೆ ಹೊಡೆಯುತ್ತಿದ್ದವನು, ನನಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಪದವಿ ಆ ಪೆನ್ನಿನ ತುದಿಯಲ್ಲಿ ನೇತಾಡುತ್ತಿತ್ತು.

"ಅದನ್ನ ಕೇಳಬಾರ್ದು ಸಾರ್" ಅಂದೆ.

ಮೇಷ್ಟ್ರ ಹುಬ್ಬು ಗಂಟಾಯಿತು. ಅಷ್ಟರಲ್ಲಿ ಅಜ್ಜಿ ನನ್ನ ಕೈಯ ಕೋಲು ಕಿತ್ತು ಅವರ ಮುಂದೆ ಚಾಚಿದಳು.

"ಬೇಜಾರ್ ಮಾಡ್ಕಬೇಡಿ ಸ್ವಾಮಿ. ಇವ್ನೂ ಬಂದಾಗ ನಿಮ್ಮಂಗೇ ಇದ್ದ. ಒಂದ್ ತಿಂಗ್ಳು ಮರಿ ಕಾದ್ರೆ ನಿಮ್ಗೂ ಬುದ್ಧಿ ಬತ್ತದೆ."

ಮೇಷ್ಟ್ರು ಅಷ್ಟು ಬೇಗ ಸಹಿ ಹಾಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.